ಸತ್ತ ರೀಲು

ಕ್ಯಾಮೆರಾ ವಿಷಯದಲ್ಲಿ ನನಗೆ ಬಾಯಿ ಜಾಸ್ತಿ. ನಮ್ಮ ಫೋಟೋ ಬಳಗದ ಹುಡುಗರು ಇದನ್ನು ನನ್ನ ಮುಂದೆಯೇ ಹೇಳುತ್ತಾರೆ, ಹಿಂದೆ ಇನ್ನೇನು ಹೇಳುತ್ತಾರೋ ಶಿವನೇ ಬಲ್ಲ. ಭಾನುವಾರ ಬೆಳಿಗ್ಗೆ ರಾಮನಗರದ ಬಂಡೆಗಳ ಕಡೆಗೋ ಮಾಗಡಿಯ ಸಾವನದುರ್ಗಕ್ಕೋ ಹೊರಟೆವೆಂದರೆ ಅವರ ಚೀಲಗಳಿಂದ ಮೊಳದುದ್ದದ ಜೂಮ್ ಲೆನ್ಸುಗಳು ಹೊರಬರುತ್ತವೆ. ಕಾಲು ಗಟ್ಟಿ ಇರುವವನಿಗೆ ಜೂಮ್ ಯಾಕಪ್ಪ, ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತ್ಕೋ ಎಂದರೆ ನಗುತ್ತಾರೆ. ಈ ಲೆನ್ಸಿನಲ್ಲಿ ರೆಪ್ಪೆಯ ಕೂದಲನ್ನೂ ಎಣಿಸಬಹುದು ಎಂದು ಒಬ್ಬ ಬೀಗಿದ. ಹೇನು ಹೆಕ್ಕುವುದಕ್ಕೆ ಚೆನ್ನಾಗಿದೆ, ಇಟ್ಕೋ ಎಂದೆ. ಡಿಜಿಟಲ್ ಕ್ಯಾಮೆರಾ ಹಿಡಿದವನು ಒಂದೇ ಬಂಡೆಯನ್ನು ಹೊಡೆದದ್ದೇ ಹೊಡೆದದ್ದು, ಮನೆಗೆ ಹೋಗಿ ಯಾವುದನ್ನೂ ನೋಡುವುದಿಲ್ಲ. ಫಿಲ್ಮಿನಲ್ಲೂ ಮೂವತ್ತಾರು ಬರುವ ಸಣ್ಣ ರೀಲು ಬಾಯಿಬಡುಕರದು. ಹನ್ನೆರಡೇ ಬರುವ ದೊಡ್ಡ ರೀಲು ಯೋಚಿಸಿ ಮಾತಾಡುವವರದು. ಕಲರ್ ಮದುವೆಗೆ ಸರಿ, ಮುಖಕ್ಕೆ ಕಪ್ಪುಬಿಳುಪೇ ಆಗಬೇಕು. ಇಷ್ಟನ್ನೂ ಅವರು ಹೇಗೋ ಸಹಿಸಿಕೊಳ್ಳುತ್ತಾರೆ.

ಸಹಿಸಲಾಗದ್ದು ನನ್ನ ಎರಡು ಪದ್ಧತಿ. ಒಂದು, ರೀಲು ಹಾಕಿದ ದಿನವೇ ಹೊತ್ತು ಮುಳುಗುವುದರೊಳಗೆ ಮುಗಿಸಿಬಿಡುತ್ತೇನೆ. ಹಿಡಿಯಲು ಏನೂ ಇಲ್ಲದಿದ್ದರೆ ನನ್ನ ಚಪ್ಪಲಿ, ನೀರಿನ ಬಾಟಲಿ, ಗೋಡೆ. ಇನ್ನೊಂದು, ಕ್ಯಾಮೆರಾದ ಹಿಂಬಾಗಿಲು ಅಕಸ್ಮಾತ್ ತೆರೆದುಕೊಂಡರೆ ಆ ರೀಲು ಕಸದ ಬುಟ್ಟಿಗೆ. ಚನ್ನಪಟ್ಟಣದ ಇರ್ಫಾನ್, ಮನೆಯವರು ಇನ್ನೂ ಮರದ ಬೊಂಬೆ ಕಡೆಯುವವರು, ಬಳಗದಲ್ಲಿ ಬುದ್ಧಿವಂತ ಹುಡುಗ, ಈ ವಿಷಯಕ್ಕೆ ನನ್ನ ಜೊತೆ ಜಗಳಕ್ಕೇ ನಿಲ್ಲುತ್ತಾನೆ.

"ಮಿಸ್, ದೊಡ್ಡ ರೀಲಲ್ಲಿ ಫಿಲ್ಮ್ ಬೆನ್ನಿಗೆ ಕಪ್ಪು ಪೇಪರ್ ಇರುತ್ತಲ್ವಾ? ಬೆಳಕು ಬಿದ್ರೆ ಅಂಚು ಹೋಗುತ್ತೆ, ನಡುವಿಂದು ಉಳಿಯುತ್ತೆ. ಹೈಸ್ಕೂಲಲ್ಲಿ ಸೈನ್ಸ್ ಪಾಠ ಮಾಡಿದೋರು ನೀವು!"

ಗೊತ್ತು ಕಣಪ್ಪ. ನೀನು ಹುಟ್ಟುವ ಮೊದಲೇ ಗೊತ್ತು. ಆ ಕಪ್ಪು ಪೇಪರು ನಮ್ಮ ಮನೆಗೆ ಮಾಡಿದ್ದನ್ನು ಇಲ್ಲಿ ಹೇಳುತ್ತೇನೆ.

ದೊಡ್ಡಆಲಹಳ್ಳಿಯಿಂದ ಒಳದಾರಿಯಲ್ಲಿದ್ದ ನಮ್ಮ ಮನೆ ನಮ್ಮದಾಗಿರಲಿಲ್ಲ, ರೇಷ್ಮೆಹುಳುಗಳದಾಗಿತ್ತು. ಗಾಳಿ ಬೆಳಕು ನೋಡಿ ಕಟ್ಟಿಸಿದ ದೊಡ್ಡ ಕೋಣೆ ಅವುಗಳ ತಟ್ಟೆಗಳಿಗೆ. ನಾವು ನಾಲ್ಕು ಜನ, ಅಪ್ಪ, ಅವ್ವ, ನಾನು, ತಂಗಿ ಭಾಗ್ಯ, ನಡುಮನೆಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಮೂಟೆಗಳ ಸಂದಿಯಲ್ಲಿ ಮಲಗುತ್ತಿದ್ದೆವು. ಹುಳುವಿಗೆ ವಾಸನೆ ಆಗದು. ಬೆಳೆ ಇರುವಷ್ಟು ದಿನ ಅವ್ವ ಒಳಗೆ ಒಗ್ಗರಣೆ ಹಾಕುತ್ತಿರಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲಿಟ್ಟು ಬಸ್ಸಾರು ಕಾಯಿಸಿ, ಮುದ್ದೆಯನ್ನೂ ಅಲ್ಲೇ ತೊಳಸಿ, ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಿ ಒಳಗೆ ತರುತ್ತಿದ್ದಳು. ಬೇರೆಯವರು ಹುಳದ ಕೋಣೆಗೆ ಕಾಲಿಡುವಂತಿಲ್ಲ. ಸಾವಿನ ಮನೆಗೆ ಹೋಗಿಬಂದವರಂತೂ ತಲೆ ಮೇಲೆ ನೀರು ಸುರಿದುಕೊಂಡ ಮೇಲೂ ಆ ಬಾಗಿಲ ಕಡೆ ತಿರುಗುವಂತಿಲ್ಲ. ಹುಳು ಬೆಳೆಯುತ್ತ ಬೆಳೆಯುತ್ತ ನಾಲ್ಕು ಸಲ ಸೊಪ್ಪು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ಕೂತು, ಹಳೆಯ ಚರ್ಮ ಕಳಚುತ್ತದೆ. ಅದನ್ನು ನಮ್ಮ ಕಡೆ ಜ್ವರ ಅನ್ನುತ್ತೇವೆ. ಮೊದಲನೇ ಜ್ವರ, ಎರಡನೇ ಜ್ವರ, ಹೀಗೆ. ಬೀದಿಯಲ್ಲಿ ಸಿಕ್ಕವರು "ಜ್ವರ ಎದ್ದವಾ?" ಎಂದು ಕೇಳಿದರೆ ಅದು ಹುಳುಗಳ ಯೋಗಕ್ಷೇಮ.

ಈ ಮನೆಗೆ ಅಪ್ಪ ಒಂದು ಕ್ಯಾಮೆರಾ ತಂದ. ರಾಮನಗರದ ಮಾರುಕಟ್ಟೆಗೆ ಗೂಡು ಮಾರಲು ಹೋಗುತ್ತಿದ್ದಾಗ ಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆಯ ಅಮೀರ್ ಸಾಬರ ಸ್ನೇಹವಾಗಿತ್ತು. ಅವರ ಮನೆಯಲ್ಲಿ ಯಾರೂ ಮುಟ್ಟದೆ ಬಿದ್ದಿದ್ದದ್ದು, "ನಿನ್ ಕಣ್ಣು ಅದ್ರ ಮೇಲೆ ಬಿದ್ದೈತೆ, ತಗೊಂಡೋಗು ನಿಂಗಣ್ಣ" ಎಂದು ಕೊಟ್ಟಿದ್ದರು. ಎರಡು ಕಣ್ಣಿನ ಕ್ಯಾಮೆರಾ. ಮೇಲಿನ ಕಣ್ಣು ನಮಗೆ ತೋರಿಸುವುದಕ್ಕೆ, ಕೆಳಗಿನದು ಹಿಡಿಯುವುದಕ್ಕೆ. ಹೊಟ್ಟೆಯ ಹತ್ತಿರ ಹಿಡಿದು ತಲೆ ತಗ್ಗಿಸಿ ಗಾಜಿನಲ್ಲಿ ನೋಡಬೇಕು. ಎದುರಿಗಿರುವವರ ಮುಂದೆ ತಲೆ ಬಾಗಿಸದೆ ಫೋಟೋ ಬರುವುದಿಲ್ಲ ಎಂಬುದೇ ಅದರ ಹೆಚ್ಚುಗಾರಿಕೆ ಎಂದು ಅಪ್ಪ ಹೇಳುತ್ತಿದ್ದ. ನಾನು ಇವತ್ತು ಬಳಗದಲ್ಲಿ ಅದನ್ನೇ ನನ್ನ ಮಾತೆಂಬಂತೆ ಹೇಳುತ್ತೇನೆ. ಅಪ್ಪ ಕನಕಪುರದ ಸ್ಟುಡಿಯೋದವನೊಬ್ಬನ ಹಿಂದೆ ಬಿದ್ದು ರೀಲು ತೊಳೆಯುವುದನ್ನೂ ಕಲಿತುಬಂದ. ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ಮೊದಲು ಹುಳದ ಕೋಣೆ ಖಾಲಿ ಇರುತ್ತಿತ್ತಲ್ಲ, ಆಗ ಕಿಟಕಿಗಳಿಗೆ ಗೋಣಿತಾಟು ಹೊಡೆದು, ಬಾಗಿಲ ಸಂದಿಗೆ ಕಂಬಳಿ ತುರುಕಿ, ಹಾಡುಹಗಲೇ ಕತ್ತಲು ಮಾಡಿಕೊಂಡು ತೊಳೆಯುತ್ತಿದ್ದ. ನಾನು ಬಾಗಿಲ ಹೊರಗೆ ಕೂತು ಗಡಿಯಾರ ನೋಡಿ ಕೂಗಬೇಕು. ಬೆಳಕಿಗೆ ಕೆಡದಂತೆ ಮಾಡುವ ಹೈಪೋ ನೀರಿನಲ್ಲಿ ಹಾಕಿದ ಮೇಲೆ ನನ್ನನ್ನು ಒಳಗೆ ಬಿಡುತ್ತಿದ್ದ.

ಮೊದಮೊದಲು ಬಂಡೆ, ಕಬ್ಬಾಳಿನ ದುರ್ಗ, ಮೇಕೆ ಮರಿ ಹಿಡಿದ. ಅಷ್ಟರಲ್ಲಿ ಪಕ್ಕದ ಬೀದಿಯ ಮುದುಕರೊಬ್ಬರು ತೀರಿಕೊಂಡರು. ನಮ್ಮ ಕಡೆ ಹೋದವರನ್ನು ಜಗಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿ, ಹಾರ ಹಾಕಿ, ಮನೆಯವರು ಸುತ್ತ ನಿಂತು ಫೋಟೋ ಹಿಡಿಸುವುದುಂಟು. ಬದುಕಿದ್ದಾಗ ಒಂದೂ ಫೋಟೋ ಇಲ್ಲದವರಿಗೆ ಅದೇ ಮೊದಲು, ಅದೇ ಕೊನೆ. ಕನಕಪುರದಿಂದ ಸ್ಟುಡಿಯೋದವನು ಬರುವಷ್ಟರಲ್ಲಿ ಹೊತ್ತಾಗುತ್ತದೆಂದು ಅಪ್ಪನನ್ನು ಕರೆದರು. ಚೆನ್ನಾಗಿ ಬಂತು. ಮುದುಕರು ಮಾತಾಡುವುದಕ್ಕೆ ಬಾಯಿ ತೆರೆಯುವವರ ಹಾಗೆ ಕಾಣುತ್ತಾರೆ ಎಂದು ಊರೆಲ್ಲ ಕೊಂಡಾಡಿತು. ಅಲ್ಲಿಂದ ಶುರುವಾಯಿತು ನೋಡಿ. ಉಯ್ಯಂಬಳ್ಳಿ ಕಡೆಯಿಂದಲೂ ಸೈಕಲ್ ತುಳಿದುಕೊಂಡು ಬಂದು "ನಿಂಗಣ್ಣ, ಬೇಗ ಬಾ, ಬಿಸ್ಲೇರ್ತಾ ಐತೆ" ಎನ್ನುತ್ತಿದ್ದರು. ಅಪ್ಪ ಒಂದು ಸಾವಿಗೂ ಇಲ್ಲ ಅನ್ನಲಿಲ್ಲ. ಹೋಗಿಬಂದ ದಿನಗಳಲ್ಲಿ ಹುಳದ ಕೋಣೆಯ ಕೆಲಸವೆಲ್ಲ ಅವ್ವನ ಪಾಲಿಗೆ. ಆದರೆ ಮದುವೆಗೆ, ನಾಮಕರಣಕ್ಕೆ, ಹುಟ್ಟಿದ ಕೂಸಿಗೆ ಒಬ್ಬರೂ ಅವನನ್ನು ಕರೆಯಲಿಲ್ಲ. ಹೆಣ ಕಂಡ ಕಣ್ಣು ಮದುಮಗಳನ್ನು ನೋಡಬಾರದು ಅಂದರು. ಕ್ಯಾಮೆರಾ ಮನೆಯೊಳಗೆ ಬರಬಾರದೆಂದು ಅವ್ವ ಅದನ್ನು ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿಸಿದಳು. ತಾನು ಅದರ ಮುಂದೆ ನಿಲ್ಲಲಿಲ್ಲ, ನಮ್ಮನ್ನೂ ನಿಲ್ಲಗೊಡಲಿಲ್ಲ.

ಭಾಗ್ಯ ಮಾತ್ರ ಆ ಗೂಟದ ಕೆಳಗೇ ಇರುತ್ತಿದ್ದಳು. ಆರು ವರ್ಷದ ಹುಡುಗಿ, ಹಲ್ಲು ಬಿದ್ದ ಬಾಯಿ. ಅಪ್ಪ ಕ್ಯಾಮೆರಾದ ಮುಚ್ಚಳ ತೆಗೆದು ಅವಳ ಮುಖದ ಕೆಳಗೆ ಹಿಡಿದರೆ ಗಾಜಿನಲ್ಲಿ ನಮ್ಮ ಮನೆ ಎಡಬಲ ಅದಲುಬದಲಾಗಿ ಕಾಣುತ್ತಿತ್ತು. "ಅಪ್ಪೋ, ಕೋಳಿ ಆ ಕಡೆ ಹೋದ್ರೆ ಈ ಕಡೆ ಹೋಯ್ತದೆ!" ಎಂದು ಕೇಕೆ ಹಾಕುತ್ತಿದ್ದಳು. ಆಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತು ಒಂದೇ ಹಟ, ನನ್ನ ಹಿಡಿ, ನನ್ನ ಹಿಡಿ.

"ಈ ರೀಲು ಮುಗೀಲಿ ಕೂಸೆ. ಹೊಸಾ ರೀಲಿನ ಮೊದಲ್ನೇದು ನಿಂದೇಯ. ನಿಮ್ಮವ್ವ ಬೋದ್ರೂ ಬೋಯ್ಲಿ."

ಮುಗಿಯುವುದೇ ಕಷ್ಟವಿತ್ತು. ಸತ್ತವರಿದ್ದ ರೀಲಿನಲ್ಲಿ ಬದುಕಿದವರನ್ನು ಹಿಡಿಯುವಂತಿಲ್ಲ, ಅದು ಅಪ್ಪನೂ ಒಪ್ಪಿದ್ದ ಮಾತು. ಹಾಗಾಗಿ ಒಂದೆರಡು ಸಾವು ಹಿಡಿದ ರೀಲು ಇನ್ನೊಂದು ಸಾವಿನ ತನಕ ಹಾಗೇ ಇರುತ್ತಿತ್ತು. ಅರಳಿಕಟ್ಟೆಯಲ್ಲಿ ಕೂತವರಿಗೆ ಅದು ತಮಾಷೆ. "ಏನ್ಲಾ ನಿಂಗ, ರೀಲು ಮುಗೀತೋ ಇಲ್ವೋ? ಇನ್ಯಾರಿಗ್ಲಾ ಕಾಯ್ತಾ ಕುಂತದೆ ಅದು?" ಎನ್ನುತ್ತಿದ್ದರು. ಅವ್ವನಿಗೆ ಅದು ತಮಾಷೆಯಾಗಿರಲಿಲ್ಲ. ಅರ್ಧ ತುಂಬಿದ ರೀಲು ಮಿಕ್ಕ ಅರ್ಧ ತುಂಬಿಸಿಕೊಳ್ಳಲು ಕರೆಯುತ್ತದೆ ಎಂದು ಅವಳ ತಲೆಯಲ್ಲಿ ಕೂತುಬಿಟ್ಟಿತು. ಆ ಸಲ ರೀಲಿನಲ್ಲಿ ಮೂವರಿದ್ದರು, ಇನ್ನೂ ಜಾಗವಿತ್ತು. ಅಪ್ಪ ಉಣ್ಣಲು ಕೂತಾಗಲೆಲ್ಲ ಇದೇ ಜಗಳ.

"ಬೆಟ್ಟಾನೋ ಬಂಡೇನೋ ಹಿಡ್ದು ಮುಗ್ಸಿ ಅಂದ್ರೆ ನಿಮ್ಗೇನ್ ಗಂಟು ಓಯ್ತದೆ? ಅದು ಬಾಯಿ ತೆರ್ಕಂಡು ಗೂಟ್ದಾಗೆ ನೇತಾಡ್ತಾ ಐತೆ."

"ಸುಮ್ಕಿರಮ್ಮಿ. ರೀಲೇನು ದೆವ್ವಾನಾ? ನೀ ಹೆದ್ರಿದ್ದೀಯ ಅಂತ ನಾ ಮುಗ್ಸುದ್ರೆ ಊರೋರು ಹೇಳದು ದಿಟ ಅಂತ ನಾನೇ ಒಪ್ಕಂಡಂಗೆ."

ಅಪ್ಪನ ಈ ಹಟ ನನಗೆ ಇವತ್ತಿಗೂ ಅರ್ಥವಾಗುತ್ತದೆ, ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಮಾತು ಅವನದೇ ಸರಿ. ಆದರೆ ಒಂದು ಬೆಟ್ಟ ಹಿಡಿದಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಹುಳುಗಳು ನಾಲ್ಕನೇ ಜ್ವರಕ್ಕೆ ಕೂತ ದಿನವೇ ಭಾಗ್ಯಳಿಗೂ ಜ್ವರ ಬಂತು. ಅಪ್ಪ ಸೊಪ್ಪು ತರಲು ಹೋದವನು ಯಾರ ಹತ್ತಿರವೋ "ಮನೇಲಿ ಎಲ್ರಿಗೂ ಜ್ವರ" ಎಂದು ನಗೆಯಾಡಿದನಂತೆ, ಅದನ್ನು ಆಮೇಲೆ ತಾನೇ ಹೇಳಿಕೊಂಡು ಬಾಯಿಗೆ ಹೊಡೆದುಕೊಂಡ. ಎರಡನೇ ದಿನಕ್ಕೆ ಹುಡುಗಿಯ ಮೈ ಕೆಂಡವಾಯಿತು. ಕಣ್ಣು ಬಿಟ್ಟರೂ ನಮ್ಮನ್ನು ನೋಡುತ್ತಿರಲಿಲ್ಲ. ಅಪ್ಪ ಕನಕಪುರದ ಆಸ್ಪತ್ರೆಗೆ ಒಯ್ಯಲು ಗಾಡಿ ಕೇಳಿಕೊಂಡು ಬರಲು ಹೋದ. ನಾನು ಜಗಲಿಯಲ್ಲಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದೆ. ಅವ್ವ ಕೊಟ್ಟಿಗೆಗೆ ಹೋದಳು. ಯಾವತ್ತೂ ಮುಟ್ಟದವಳು ಕ್ಯಾಮೆರಾವನ್ನು ಗೂಟದಿಂದ ತೆಗೆದು, ನಡುಹಗಲಿನ ಅಂಗಳದಲ್ಲಿ ನಿಂತು, ಅಪ್ಪ ತೆಗೆಯುವುದನ್ನು ಎಷ್ಟು ಸಲ ನೋಡಿದ್ದಳೋ ಏನೋ, ಚಿಲಕ ಸರಿಸಿ ಹಿಂಬಾಗಿಲು ತೆರೆದಳು. ಬೆಳಕು ಬಿದ್ದರೆ ರೀಲು ಸತ್ತಂಗೇಯ, ಯಾರೂ ಅದನ್ನ ತೆಗೀಬ್ಯಾಡಿ ಎಂದು ಅಪ್ಪನೇ ನಮಗೆಲ್ಲ ಹೇಳಿದ್ದ ಮಾತು. ಸೂರ್ಯನಿಗೆ ತೋರಿಸಿ ಹಿಡಿದುಕೊಂಡಳು. ತುಟಿ ಅಲ್ಲಾಡುತ್ತಿತ್ತು. ಆಮೇಲೆ ಮುಚ್ಚಿ, ಇದ್ದ ಹಾಗೇ ನೇತುಹಾಕಿ ಬಂದು ನನ್ನ ಪಕ್ಕ ಕೂತಳು.

"ಸಾಯಿಸ್ಬುಟ್ಟೆ. ಇನ್ನು ಕರೆಯಾಕಿಲ್ಲ. ನಿಮ್ಮಪ್ಪಂಗೆ ಹೇಳ್ಬ್ಯಾಡ ಕಣವ್ವ."

ಅವಳ ಮುಖದಲ್ಲಿ ಅವತ್ತು ಕಂಡ ನಿರಾಳವನ್ನು ನಾನು ಆಮೇಲೆ ಎಂದೂ ಕಾಣಲಿಲ್ಲ.

ಭಾಗ್ಯ ಕನಕಪುರ ಮುಟ್ಟಲಿಲ್ಲ. ಗಾಡಿ ಅರ್ಧ ದಾರಿಯಿಂದ ವಾಪಸ್ ಬಂತು. ನಾಲ್ಕನೇ ಜ್ವರದಿಂದ ಹುಳುಗಳೆಲ್ಲ ಎದ್ದು ಸೊಪ್ಪಿಗೆ ತಲೆಯಾಡಿಸುತ್ತಿದ್ದವು. ನಮ್ಮ ಹುಡುಗಿ ಏಳಲಿಲ್ಲ.

ಜಗಲಿಯ ಮೇಲೆ ಕೂರಿಸಿದರು. ಕೂರುತ್ತಿರಲಿಲ್ಲ, ಮಗು, ಒಂದು ಕಡೆಗೆ ವಾಲುತ್ತಿತ್ತು. ಅವ್ವ ಪಕ್ಕದಲ್ಲಿ ಕೂತು ಭುಜಕ್ಕೆ ಕೈಕೊಟ್ಟು ಹಿಡಿದುಕೊಂಡಳು. ಯಾರೋ ಹಿರಿಯರು "ನಿಂಗಣ್ಣ, ಒಂದು ಹಿಡ್ಕ ಕಣಪ್ಪ, ಮುಖ ಮರ್ತೋಯ್ತದೆ" ಅಂದರು. ಅಪ್ಪ ಕೊಟ್ಟಿಗೆಗೆ ಹೋಗಿ ಕ್ಯಾಮೆರಾ ತಂದ. ಅವ್ವನ ಮುಖವನ್ನು ನಾನೊಬ್ಬಳೇ ನೋಡುತ್ತಿದ್ದೆ. ಕ್ಯಾಮೆರಾದಲ್ಲಿರುವ ರೀಲು ಸತ್ತಿದೆ, ಮಗುವಿನ ಮುಖ ಅದರಲ್ಲಿ ಉಳಿಯುವುದಿಲ್ಲ, ಹಾಗೆಂದು ಹೇಳುವಂತಿಲ್ಲ. "ಅದ್ರಾಗ್ ಬ್ಯಾಡ" ಎಂದಳು, ಅಷ್ಟೇ. ಅಪ್ಪ ಅದನ್ನು ಹಳೆಯ ಹೆದರಿಕೆ ಅಂದುಕೊಂಡ. ಗಾಜಿನಲ್ಲಿ ನೋಡುತ್ತ, "ನಿನ್ ಕೈ ಕಾಣ್ತದೆ, ಒಸಿ ಹಿಂದಕ್ಕೆ ತಗೊ" ಎಂದ.

"ತಗಂಡ್ರೆ ಬಿದ್ದೋಯ್ತದೆ ಮಗ. ಕಾಣ್ಲಿ ಬುಡಿ."

ಅವ್ವ ಮಗಳನ್ನು ಬಿಡಲಿಲ್ಲ. ಅಪ್ಪ ತಲೆ ಬಾಗಿಸಿಕೊಂಡು ನಿಂತೇ ಇದ್ದ, ಎಷ್ಟು ಹೊತ್ತಾದರೂ ಒತ್ತಲಿಲ್ಲ. ಆಮೇಲೆ ಒತ್ತಿದ.

ಬೆಳೆ ಮುಗಿದು, ಗೂಡು ಬಿಡಿಸಿ, ಕೋಣೆ ಖಾಲಿಯಾದ ಮೇಲೆ ಕಿಟಕಿಗೆ ಗೋಣಿ ಹೊಡೆದ. ನಾನು ಹೊರಗೆ ಕೂತು ಹೊತ್ತು ಕೂಗಿದೆ. ಒಳಗೆ ಕರೆದಾಗ ಅವನು ರೀಲನ್ನು ಎರಡು ಕೈಯಲ್ಲಿ ಎತ್ತಿ ಲಾಟೀನಿಗೆ ಹಿಡಿದಿದ್ದ. ಉದ್ದಕ್ಕೂ ಎರಡು ಅಂಚೂ ಸುಟ್ಟ ಹಾಗೆ ಕಪ್ಪಾಗಿದ್ದವು. ನಡುವೆ ಎಲ್ಲರೂ ಇದ್ದರು. ಮೂರು ಜನ ಮುದುಕರು, ಅವರ ಮನೆಯವರು, ಕೊನೆಯಲ್ಲಿ ಭಾಗ್ಯ. ಅಪ್ಪ ನನ್ನನ್ನು ನೋಡಿದ. ನಾನು ಹೇಳಬೇಕಾಗಿರಲಿಲ್ಲ. ಮನೆಯಲ್ಲಿ ಹಿಂಬಾಗಿಲು ತೆರೆಯುವಷ್ಟು ಸಂಕಟ ಯಾರಿಗಿತ್ತೆಂದು ಅವನಿಗೆ ಗೊತ್ತಿತ್ತು.

"ಬೆನ್ನಾಗಿನ ಪೇಪರು ಕಾಪಾಡ್ಬುಟ್ಟೈತೆ ಕಣವ್ವ" ಎಂದ. "ನಿಮ್ಮವ್ವ ಸಾಯಿಸ್ದೆ ಅಂತ ಅವ್ಳೆ. ಬದ್ಕಿತ್ತು ಅಂತ ಗೊತ್ತಾದ್ರೆ, ಬದ್ಕಿದ್ದಕ್ಕೇ ಮಗೀನ ತಗಂಡೋಯ್ತು ಅಂತಾಳೆ. ಅವ್ಳು ಉಳಿಯಾಕಿಲ್ಲ."

ಆ ಕತ್ತಲಲ್ಲಿ ಅಪ್ಪ ಮಾಡಿದ ತೀರ್ಮಾನ ನನ್ನನ್ನು ಈ ಹೆಂಗಸನ್ನಾಗಿ ಮಾಡಿದೆ. ಭಾಗ್ಯಳ ಫೋಟೋ ಒಂದನ್ನೇ ಕಾಗದಕ್ಕೆ ಹಾಕಿದ. ಅಂಚಿನಲ್ಲಿ ಬೆಳಕು ಬಿದ್ದ ಕಡೆ ಬೆಳ್ಳಗೆ ಹೊಗೆ ಆಡಿದ ಹಾಗೆ ಬಂದಿತ್ತು. ಅವ್ವನ ಹೊಲಿಗೆಯ ಕತ್ತರಿ ತರಿಸಿ ಸುತ್ತಲೂ ಕತ್ತರಿಸಿ ತೆಗೆದ. ಹಳೆಯ ರೀಲು ಹೇಗೋ ಬೆಳಕು ತಗುಲಿ ಕೆಟ್ಟುಹೋಗಿತ್ತು, ಅದನ್ನು ತೆಗೆದು ಹೊಸದು ಹಾಕಿದ್ದೆ, ಇದು ಹೊಸ ರೀಲಿನದು ಎಂದು ಅವ್ವನ ಕೈಗೆ ಕೊಟ್ಟ. ಅವ್ವ ತುಂಬ ಹೊತ್ತು ನೋಡಿ, "ಹೂಂ, ಹೊಸಾದು" ಎಂದು ಪೆಟ್ಟಿಗೆಯಲ್ಲಿಟ್ಟಳು. ಹಳೆಯದು ಸತ್ತಿದ್ದು ದಿಟವಾಗಬೇಕಾದರೆ ಆ ಮೂರು ಮನೆಗಳಿಗೆ ಫೋಟೋ ಕೊಡುವಂತಿರಲಿಲ್ಲ. ಅಪ್ಪ ತಾನೇ ಹೋಗಿ ರೀಲು ಕೆಡಿಸಿಬಿಟ್ಟೆ, ತಪ್ಪಾಯ್ತು ಎಂದು ಕೈಮುಗಿದು ಬಂದ. ಇಬ್ಬರು ಬೈದು ಬಿಟ್ಟರು. ಮೂರನೆಯವಳು, ಗಂಡನನ್ನು ಕಳೆದುಕೊಂಡ ಸಿದ್ದಮ್ಮ, ನಮ್ಮ ಮನೆಯ ಮುಂದೆ ಬಂದು ನಿಂತು ಮಣ್ಣು ತೂರಿದಳು.

"ಒಂದೇ ಒಂದ್ ಮೊಖ ಇತ್ತು ನಂಗೆ, ಅದ್ನೂ ನೀರಿಗಾಕ್ಬುಟ್ಯಲ್ಲೋ! ನಿನ್ ಕೈ ಸೇದೋಗ!"

ಅಪ್ಪ ಜಗಲಿಯಲ್ಲಿ ತಲೆ ತಗ್ಗಿಸಿ ನಿಂತು ಅಷ್ಟನ್ನೂ ಕೇಳಿಸಿಕೊಂಡ. ಅವಳ ಗಂಡನ ಮುಖ ಒಳಗೆ ಸೂರಿನ ಸಂದಿಯಲ್ಲಿ ಅಪ್ಪ ಬಚ್ಚಿಟ್ಟ ರೀಲಿನ ಡಬ್ಬದಲ್ಲಿ ಚೆನ್ನಾಗಿಯೇ ಇತ್ತು. ಅವ್ವ ಬಾಗಿಲ ಹಿಂದೆ ನಿಂತಿದ್ದಳು. ಆಮೇಲೆ ಅಪ್ಪನನ್ನು ಯಾವ ಸಾವಿಗೂ ಯಾರೂ ಕರೆಯಲಿಲ್ಲ. ಅವನು ತನ್ನ ಸಾವಿನ ತನಕ ಕ್ಯಾಮೆರಾ ಮುಟ್ಟಲಿಲ್ಲ. ಡಬ್ಬವನ್ನೂ ಕ್ಯಾಮೆರಾವನ್ನೂ ನನಗೆ ಕೊಟ್ಟು, ಒಂದೇ ಮಾತು ಹೇಳಿ ಹೋದ, ಅವ್ವ ಇರೋ ತನಕ ಸತ್ತ ರೀಲು ಸತ್ತೇ ಇರ್ಲಿ.

ಹಾಗಾಗಿ ನಾನು ಮಕ್ಕಳಿಗೆ ಬೆಳಕಿನ ಪಾಠ ಮಾಡುತ್ತ, ಮನೆಗೆ ಬಂದು ಬೆಳಕಿನ ಬಗ್ಗೆ ಸುಳ್ಳು ಹೇಳುತ್ತ ಬದುಕಿದೆ. ಅವ್ವ ಈಗ ಕನಕಪುರದಲ್ಲಿ ನನ್ನ ಜೊತೆಯೇ ಇದ್ದಾಳೆ. ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಹೋದ ಚಳಿಗಾಲದಲ್ಲಿ ಇರ್ಫಾನ್ ಮನೆಗೆ ಬಂದಿದ್ದ. ಅವ್ವ ವರಾಂಡದಲ್ಲಿ ಅವರೆಕಾಳು ಹಿದುಕುತ್ತಿದ್ದಳು. ಬೆಳಿಗ್ಗೆ ರೀಲು ಹಾಕಿದ್ದ ಅದೇ ಎರಡು ಕಣ್ಣಿನ ಕ್ಯಾಮೆರಾ ಅವನ ಕೈಗೆ ಕೊಟ್ಟೆ. ಚಿಲಕ ಸವೆದಿದೆ, ಹಿಂಬಾಗಿಲು ಬಿಸಿಲಿನಲ್ಲಿ ಬಾಯಿಬಿಟ್ಟುಕೊಂಡಿತು. ನಾನು ಕಸಿದುಕೊಂಡು, ರೀಲು ಸುತ್ತಿ ತೆಗೆದು, ಹೋಯ್ತು ಬಿಡು, ಸತ್ತೋಯ್ತು ಎಂದು ಗಟ್ಟಿಯಾಗಿ ಹೇಳಿ ಬುಟ್ಟಿಗೆ ಎಸೆದೆ. ಅವನು ಎಂದಿನಂತೆ "ಮಿಸ್, ಪೇಪರ್..." ಎಂದು ಶುರುಮಾಡಿದ. ಮುಚ್ಚೋ ಬಾಯಿ ಎಂದು ಗದರಿದೆ. ಹುಡುಗನ ಮುಖ ಸಣ್ಣಗಾಯಿತು.

ಅವ್ವ ಮೊರ ಕೆಳಗಿಟ್ಟಳು. ಗೋಡೆ ಹಿಡಿದು ಎದ್ದು ಬಂದು, ಬುಟ್ಟಿಯೊಳಗೆ ತಡಕಿ ರೀಲು ತೆಗೆದು, ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟಳು.

"ಆ ಹೈದನ್ನ ಯಾಕ್ ಬೋಯ್ತೀಯ? ತೊಳಿ. ಒಳ್ಗಿರೋರು ಇರ್ತಾರೆ."

ಇರ್ಫಾನ್ ಏನೋ ಅರ್ಥವಾದವನ ಹಾಗೆ ಮೆಲ್ಲಗೆ ಅಂಗಳಕ್ಕೆ ಇಳಿದುಹೋದ.

"ನಿಂಗೆ ಯಾವಾಗ ಗೊತ್ತಾಯ್ತವ್ವ?"

"ಫೋಟೋ ಕೈಗ್ ಬಂದ್ ದಿನ್ವೇಯ. ಮಗೀನ ಹಿಡ್ಕಂಡಿದ್ದ ನನ್ ಕೈ ಅದ್ರಾಗೆ ಇರ್ನಿಲ್ಲ. ಹೊಸಾ ರೀಲಾದ್ರೆ ನಿಮ್ಮಪ್ಪ ಅಂಚ್ ಯಾಕೆ ಕತ್ರಿಸ್ದ ಅಂತ ಯೋಚ್ನೆ ಮಾಡ್ದೆ."

"ಮತ್ತೆ ಇಷ್ಟು ವರ್ಷ ಯಾಕೆ ಹೇಳ್ನಿಲ್ಲ?"

"ನನ್ಗೋಸ್ಕರ ಊರೋರ್ ಕೈಲೆಲ್ಲ ಉಗಿಸ್ಕಂಡು ಬಂದಿದ್ದ. ಗೊತ್ತು ಅಂದಿದ್ರೆ ಅದೂ ದಂಡ ಆಗ್ತಿತ್ತಲ್ಲ."

ರೀಲು ಯಾರನ್ನೂ ಕರೆಯುವುದಿಲ್ಲ ಅವ್ವ, ಭಾಗ್ಯ ಜ್ವರಕ್ಕೆ ಹೋದಳು ಎಂದು ನಾನು ಅತ್ತೆ. ಅವ್ವ ಒಂಟಿಯಾಗಿ ಅಷ್ಟನ್ನೂ ಹೊತ್ತುಕೊಂಡೇ ಮುದುಕಿಯಾಗಿದ್ದಳು, ನನ್ನ ವಿಜ್ಞಾನ ಅಲ್ಲಿಗೆ ಬಹಳ ತಡವಾಗಿ ಬಂದಿತ್ತು. ಆ ಮೂರು ಮನೆಯವರದು ಇದೆಯಾ ಎಂದು ಕೇಳಿದಳು. ಇದೆ ಎಂದೆ. "ಕೇಳೋರು ಯಾರಾರ ಉಳ್ದಿದ್ರೆ ಕೊಟ್ಬುಡು. ಮಗೀನ್ದು ಇನ್ನೊಂದು ಹಾಕು. ಅಂಚು ಕತ್ರಿಸ್ಬ್ಯಾಡ" ಎಂದಳು.

ಸಿದ್ದಮ್ಮ ಇಲ್ಲ, ಅವಳ ಮೊಮ್ಮಗ ಇದ್ದಾನೆ. ಫೋಟೋ ತೆಗೆದುಕೊಂಡು ಇವರು ಯಾರು ಎಂದು ನನ್ನನ್ನೇ ಕೇಳಿದ. ಮಿಕ್ಕ ಎರಡು ಮನೆಗಳಿಗೆ ಬೀಗ ಹಾಕಿತ್ತು. ಭಾಗ್ಯಳದನ್ನು ನಾನೇ ದೊಡ್ಡದಾಗಿ ಹಾಕಿದೆ, ಅಂಚು ಸಮೇತ. ಎಡಗಡೆಯ ಬಿಳಿ ಹೊಗೆಯೊಳಗಿಂದ ಒಂದು ಕೈ ಬಂದು ಮಗುವಿನ ಭುಜವನ್ನು ಹಿಡಿದಿದೆ, ಬಳೆ ಕಾಣುತ್ತದೆ, ಬೆರಳು ಒತ್ತಿರುವುದು ಕಾಣುತ್ತದೆ. ನನ್ನ ಅವ್ವನ ಪ್ರಾಯದ ಕಾಲದ ಫೋಟೋ ಎಂದು ಇರುವುದು ಅದೊಂದೇ. ಅವಳು ಅದನ್ನು ಮೂಗಿನ ಹತ್ತಿರ ಹಿಡಿದು, ಮಗುವಿನ ಮುಖದಿಂದ ಶುರುಮಾಡಿ, ನಿಧಾನಕ್ಕೆ ಆ ಕೈಗೆ ಬಂದು ನಿಂತಳು.

"ನೋಡು" ಎಂದಳು. "ನಾ ಬುಟ್ಟಿರ್ನಿಲ್ಲ."